ಹಳೆಯ ಲಾಂಗ್-ಈಝಿಗಳ ಹೊಸ ಒಡೆಯರಿಗೆ



ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿ, ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ವಿಮಾನ ಚಾಲನೆಯನ್ನು ಅಭ್ಯಾಸ ಮಾಡಿ, ಪರರು ತಮ್ಮ ಮನೆಯ ಗ್ಯಾರೇಜಿನಲ್ಲಿ ವರ್ಷಾನುಗಟ್ಟಲೆ ಶ್ರಮಿಸಿ ಕಟ್ಟಿ, ಬಹುಕಾಲ ಹಾರಿಸಿ, ವಯಸ್ಸಾದ ಮೇಲೆ ಮಾರಿದ ಲಾಂಗ್-ಈಝಿ ವಿಮಾನವನ್ನು ಕೊಂಡಿರುವ ಅಥವಾ ಕೊಳ್ಳಬೇಕೆಂದು ಹಂಬಲಿಸುತ್ತಿರುವ ಕನ್ನಡಿಗರಾದ ನಿಮ್ಮನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ವಿಮಾನಗಳ ದುರಸ್ತಿಯೇ ನನ್ನ ಜೀವನೋಪಾಯವಾದುದರಿಂದ ನಿಮ್ಮಲ್ಲಿ ಕೆಲವರು ನನ್ನ ಬಳಿ ಬಂದು ಎಂಜಿನ್ನಿನ ಆರೋಗ್ಯವನ್ನೂ, ರೇಡಿಯೋ ಉಪಕರಣಗಳ ಹೊಸತನವನ್ನೂ, ಬಣ್ಣದ ಬಾಳಿಕೆಯನ್ನೂ ಕುರಿತು ಸವಿಸ್ತಾರವಾಗಿ ವಿಚಾರಿಸಿದ್ದೀರಿ. ಬ್ರೇಕುಗಳ ಸ್ಥಿತಿಯನ್ನು ವಿಚಾರಿಸಿದವರು ವಿರಳ. ಪೆಡಲನ್ನು ಒತ್ತಿದರೆ ವಿಮಾನ ನಿಲ್ಲುತ್ತದೆ, ನಿಲ್ಲುವವರೆಗೆ ಅದರಲ್ಲಿ ನೋಡುವುದೇನಿದೆ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಈ ಭಾವನೆಯನ್ನು ನಿಮ್ಮಿಂದ ಬಿಡಿಸಬೇಕೆಂಬುದೂ, ಕೊಂಡ ವಿಮಾನದ ಬ್ರೇಕನ್ನು ಮೊದಲ ಋತುವಿನಲ್ಲಿಯೇ ನೀವು ಸ್ವಹಸ್ತದಿಂದ ಬಿಚ್ಚಿ, ಕಂಡದ್ದನ್ನು ಬರೆದಿಟ್ಟು, ಸವೆದ ಭಾಗಗಳನ್ನೆಲ್ಲ ಬದಲಾಯಿಸಬೇಕೆಂಬುದೂ ಈ ಪತ್ರದ ಉದ್ದೇಶ.

ಈ ವಿಮಾನದ ಕುಲವೃತ್ತಾಂತವನ್ನು ನೀವು ಬಲ್ಲಿರಿ. ಬರ್ಟ್ ರುಟಾನ್ ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯಲ್ಲಿ ಕುಳಿತು ರಚಿಸಿದ ವೇರಿ-ಈಝಿ 1975ರಲ್ಲಿ ಮೊದಲು ಹಾರಿತು. ಅದರ ದೊಡ್ಡ ರೂಪವಾದ ಲಾಂಗ್-ಈಝಿ 1979ರಲ್ಲಿ ಆಕಾಶವನ್ನು ಕಂಡಿತು. ರೆಕ್ಕೆಯನ್ನು ಹಿಂದಕ್ಕೂ ಕೆನಾರ್ಡ್ ಎಂಬ ಚಿಕ್ಕ ರೆಕ್ಕೆಯನ್ನು ಮುಂದಕ್ಕೂ ಎಂಜಿನ್ನನ್ನು ಬೆನ್ನಿಗೂ ಇಟ್ಟು, ಫೋಮನ್ನು ಕತ್ತರಿಸಿ ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಿಂದ ಅಂಟಿಸಿ, ಅಚ್ಚಿನ ಸಹಾಯವಿಲ್ಲದೆ ಸಾಮಾನ್ಯ ಮನುಷ್ಯನೂ ಕಟ್ಟಬಹುದಾದ ವಿಮಾನವದು. ನಮ್ಮ ಬೆಂಗಳೂರಿಗೂ ಇದಕ್ಕೂ ನಂಟುಂಟು: 1980ರ ದಶಕದಲ್ಲಿ ಎನ್‌ಎಎಲ್ ಎಂಬ ವೈಮಾನಿಕ ಸಂಶೋಧನಾಲಯದ ವಿಜ್ಞಾನಿಗಳು ಈ ಲಾಂಗ್-ಈಝಿಯನ್ನೇ ಆಧಾರವಾಗಿಟ್ಟುಕೊಂಡು ಲೈಟ್ ಕೆನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್ ಎಂಬುದನ್ನು ಕಟ್ಟಿ ಹಾರಿಸಿ, ಸಂಯುಕ್ತ ವಸ್ತುಗಳಿಂದ ವಿಮಾನವನ್ನು ನಿರ್ಮಿಸುವ ವಿದ್ಯೆಯನ್ನು ಕೈವಶ ಮಾಡಿಕೊಳ್ಳತೊಡಗಿದರು. ರುಟಾನರ ಸಂಸ್ಥೆ 1985ರಲ್ಲಿ ನಕ್ಷೆಗಳ ಮಾರಾಟವನ್ನು ನಿಲ್ಲಿಸಿತು. ಆದುದರಿಂದ ಇಂದು ನಿಮ್ಮ ಕೈಸೇರುವ ಲಾಂಗ್-ಈಝಿ ಬಹುತೇಕ ಒಂದು ತಲೆಮಾರಿನಷ್ಟು ಹಳೆಯದು. ಅದನ್ನು ಕಟ್ಟಿದಾತ ಎಷ್ಟೋ ವೇಳೆ ಈ ಲೋಕದಲ್ಲಿಯೇ ಇರುವುದಿಲ್ಲ.

ಕಾರ್ಖಾನೆಯಲ್ಲಿ ತಯಾರಾದ ಸೆಸ್ನಾ ವಿಮಾನದ ಬ್ರೇಕನ್ನು ಬಿಚ್ಚುವ ಮೆಕ್ಯಾನಿಕ್ಕನ ಮುಂದೆ ಭಾಗಗಳ ಸಂಖ್ಯೆಗಳನ್ನು ಹೇಳುವ ಪುಸ್ತಕವೊಂದು ತೆರೆದಿರುತ್ತದೆ. ಅದರಲ್ಲಿ ಬರೆದಂತೆಯೇ ವಿಮಾನವೂ ಇರುತ್ತದೆ. ಗೃಹನಿರ್ಮಿತ ವಿಮಾನಕ್ಕೆ ಈ ಭಾಗ್ಯವಿಲ್ಲ. ನಕ್ಷೆ ಒಂದೇ ಆದರೂ ಒಬ್ಬ ನಿರ್ಮಾತೃ ಕ್ಲೀವ್‌ಲೆಂಡ್ ಚಕ್ರಗಳನ್ನು ಹಾಕಿದ, ಇನ್ನೊಬ್ಬ ಮ್ಯಾಟ್ಕೋ ಚಕ್ರಗಳನ್ನು ಹಾಕಿದ. ಒಬ್ಬ ಮಾಸ್ಟರ್ ಸಿಲಿಂಡರುಗಳನ್ನು ಪೆಡಲಿನ ಬಳಿ ಇಟ್ಟ, ಇನ್ನೊಬ್ಬ ಹಿಂದಕ್ಕೆ ಒಯ್ದ. ಒಬ್ಬ ನೈಲಾನ್ ನಾಳವನ್ನು ಎಳೆದ, ಇನ್ನೊಬ್ಬ ಅಲ್ಯುಮಿನಿಯಂ ಕೊಳವೆಯನ್ನು ಬಗ್ಗಿಸಿ ಜೋಡಿಸಿದ. ಅವರವರಿಗೆ ಅವರವರ ಕಾರಣಗಳಿದ್ದವು, ಅನೇಕ ಕಾರಣಗಳು ಸಮಂಜಸವೂ ಆಗಿದ್ದವು. ಆದರೆ ಆ ಕಾರಣಗಳು ಲಾಗ್ ಪುಸ್ತಕದ ಪುಟವನ್ನು ಸೇರದೆ ಕಟ್ಟಿದಾತನ ನೆನಪಿನಲ್ಲಿಯೇ ಉಳಿದುಬಿಟ್ಟವು. ಅಮೆರಿಕದ ವಿಮಾನಯಾನ ಆಡಳಿತವೂ ಈ ಭೇದವನ್ನು ಮನ್ನಿಸಿದೆ: ವಿಮಾನವನ್ನು ಕಟ್ಟಿದವನು ಅರ್ಜಿ ಹಾಕಿ ರಿಪೇರ್‌ಮನ್ ಪ್ರಮಾಣಪತ್ರವನ್ನು ಪಡೆದು, ಆ ಒಂದು ವಿಮಾನದ ಮಟ್ಟಿಗೆ 12 ತಿಂಗಳಿಗೊಮ್ಮೆ ಆಗತಕ್ಕ ಕಂಡಿಷನ್ ಇನ್‌ಸ್ಪೆಕ್ಷನ್ ಎಂಬ ತಪಾಸಣೆಯನ್ನು ತಾನೇ ಮಾಡಿ ಸಹಿ ಹಾಕಬಹುದು, ಎರಡನೆಯ ಒಡೆಯನಿಗೆ ಆ ಅಧಿಕಾರ ಕೊಂಡ ಮಾತ್ರಕ್ಕೆ ದೊರೆಯದು, ತಪಾಸಣೆ ಅದಕ್ಕೆ ಅರ್ಹತೆ ಪಡೆದವರಿಂದಲೇ ಆಗಬೇಕು. ಬ್ರೇಕಿನ ಭಾಗಗಳನ್ನು ಬದಲಾಯಿಸುವಂಥ ಕೆಲಸವನ್ನು ನೀವೇ ಮಾಡಿಕೊಳ್ಳಲು ಮಾತ್ರ ಕಾನೂನಿನ ಅಡ್ಡಿಯಿಲ್ಲ. ಈ ಸ್ವಾತಂತ್ರ್ಯವನ್ನು ನೀವು ಉಪಯೋಗಿಸಿಕೊಳ್ಳಬೇಕೆಂದು ನನ್ನ ಆಗ್ರಹ. ಸಹಿ ಹಾಕುವವನ ಕಣ್ಣು ವರ್ಷಕ್ಕೊಮ್ಮೆ ಮಾತ್ರ ಬೀಳುತ್ತದೆ. ಒಡೆಯನ ಕಣ್ಣು ಪ್ರತಿ ಹಾರಾಟಕ್ಕೂ ಮುನ್ನ ಚಕ್ರದ ಪಕ್ಕದಲ್ಲಿಯೇ ಇರುತ್ತದೆ.

ಪೂರ್ವ ನಿರ್ಮಾತೃವಿನ ನಿರ್ಧಾರವೊಂದು ಹೊಸ ಒಡೆಯನ ಪಾಲಿಗೆ ಏನಾಗಬಲ್ಲುದೆಂಬುದಕ್ಕೆ ಲೋಕವಿದಿತವಾದ ದುರಂತವೊಂದುಂಟು. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ತಾವು ಹೊಸದಾಗಿ ಕೊಂಡಿದ್ದ ಲಾಂಗ್-ಈಝಿಯಲ್ಲಿ ಹಾರುತ್ತ ಕ್ಯಾಲಿಫೋರ್ನಿಯದ ಪೆಸಿಫಿಕ್ ಗ್ರೋವ್ ಬಳಿ ಸಮುದ್ರಕ್ಕೆ ಬಿದ್ದು ಮಡಿದರು. ಇಂಧನದ ಟ್ಯಾಂಕನ್ನು ಬದಲಾಯಿಸುವ ಹಿಡಿಕೆಯನ್ನು ಕಟ್ಟಿದಾತನು ನಕ್ಷೆಯಲ್ಲಿದ್ದ ಸ್ಥಾನದಿಂದ ತೆಗೆದು ಚಾಲಕನ ಎಡಭುಜದ ಹಿಂದೆ ಇಟ್ಟಿದ್ದ. ಅದರ ಮೇಲೆ ಗುರುತೂ ಇರಲಿಲ್ಲ. ತನಿಖೆ ನಡೆಸಿದ ಮಂಡಳಿ ಈ ಸ್ಥಾನಪಲ್ಲಟವನ್ನು ದುರಂತದ ಕಾರಣಗಳಲ್ಲಿ ಎಣಿಸಿತು. ಅದು ಇಂಧನದ ಕಥೆ, ಬ್ರೇಕಿನದಲ್ಲ. ಆದರೂ ಅದನ್ನು ಇಲ್ಲಿ ನೆನೆಯುತ್ತೇನೆ, ಏಕೆಂದರೆ ನಿಮ್ಮ ವಿಮಾನ ನಕ್ಷೆಯಲ್ಲಿರುವಂತೆಯೇ ಇದೆಯೆಂದು ಭಾವಿಸಿ ಕೆಲಸಕ್ಕೆ ತೊಡಗುವ ಹಕ್ಕು ನಿಮಗೆ ಯಾವ ಭಾಗದಲ್ಲಿಯೂ ಇಲ್ಲ.

ಬ್ರೇಕು ಎಲ್ಲ ವಿಮಾನಗಳಲ್ಲಿಯೂ ಮುಖ್ಯವೇ. ಲಾಂಗ್-ಈಝಿಯಲ್ಲಿ ಅದಕ್ಕೆ ದ್ವಿಗುಣ ಜವಾಬ್ದಾರಿ. ಇದರ ಮುಂದಿನ ಚಕ್ರ ಯಾವ ಹಿಡಿತವೂ ಇಲ್ಲದೆ ತನ್ನಷ್ಟಕ್ಕೆ ತಿರುಗಾಡುತ್ತದೆ. ನೆಲದ ಮೇಲೆ ನಿಧಾನವಾಗಿ ಸಾಗುವ ವಿಮಾನವನ್ನು ಎಡಕ್ಕೋ ಬಲಕ್ಕೋ ತಿರುಗಿಸಬೇಕಾದರೆ ಆಯಾ ಬದಿಯ ಬ್ರೇಕನ್ನು ಒತ್ತುವುದಲ್ಲದೆ ಅನ್ಯ ಮಾರ್ಗವಿಲ್ಲ. ಪೆಡಲನ್ನು ಒತ್ತಿದಾಗ ಮೊದಲು ರೆಕ್ಕೆಯ ತುದಿಯಲ್ಲಿರುವ ಚುಕ್ಕಾಣಿ ಹೊರಳುತ್ತದೆ, ಇನ್ನೂ ಒತ್ತಿದರೆ ಬ್ರೇಕು ಹಿಡಿಯುತ್ತದೆ. ಎರಡಕ್ಕೂ ಒಂದೇ ಪೆಡಲು. ಆದ್ದರಿಂದ ಒಂದು ಬದಿಯ ಬ್ರೇಕು ಕೈಕೊಟ್ಟಿತೆಂದರೆ ನಿಲ್ಲಿಸುವ ಶಕ್ತಿಯ ಜೊತೆಗೆ ದಿಕ್ಕಿನ ಹಿಡಿತವೂ ಹೋಯಿತು. ಪಕ್ಕದಿಂದ ಬಲವಾದ ಗಾಳಿ ಬೀಸುವ ದಿನ ಉದ್ದವಾದ ಟ್ಯಾಕ್ಸಿ ದಾರಿಯಲ್ಲಿ ಸಾಗುವಾಗ ಒಂದೇ ಬದಿಯ ಬ್ರೇಕನ್ನು ಮೈಲಿಗಟ್ಟಲೆ ಸ್ವಲ್ಪ ಸ್ವಲ್ಪವೇ ಒತ್ತುತ್ತಿರಬೇಕಾಗುತ್ತದೆ. ವಿಮಾನ ಇನ್ನೂ ನೆಲವನ್ನು ಬಿಡುವ ಮೊದಲೇ ಆ ಬದಿಯ ಡಿಸ್ಕು ಕೈ ಸುಡುವಷ್ಟು ಕಾದಿರುತ್ತದೆ. ಇಳಿಯುವಾಗಿನ ಬಿಸಿಯನ್ನು ಎಲ್ಲರೂ ಲೆಕ್ಕಿಸುತ್ತಾರೆ; ಏರುವ ಮುನ್ನಿನ ಈ ಬಿಸಿಯನ್ನು ಲೆಕ್ಕಿಸುವವರು ಕಡಿಮೆ.

ಬಿಸಿಯ ಪ್ರಮಾಣ ಎಷ್ಟೆಂದು ನೋಡೋಣ. ಲಾಂಗ್-ಈಝಿಯ ಪೂರ್ಣ ತೂಕ 1325 ಪೌಂಡು, ಅಂದರೆ ಸುಮಾರು 600 ಕಿಲೋಗ್ರಾಂ. ಅಷ್ಟು ತೂಕದ ವಿಮಾನ 60 ನಾಟ್ ವೇಗದಲ್ಲಿ ಓಡುವಾಗ ಅದರಲ್ಲಿರುವ ಚಲನಶಕ್ತಿ ಹೆಚ್ಚುಕಡಿಮೆ 290 ಕಿಲೋಜೂಲು. ಒಂದು ಲೀಟರ್ ನೀರನ್ನು ಬೇಸಿಗೆಯ ಕೋಣೆಯ ಉಷ್ಣತೆಯಿಂದ ಕೊತಕೊತ ಕುದಿಯುವವರೆಗೆ ಕಾಯಿಸಲು ಸುಮಾರಾಗಿ ಬೇಕಾಗುವಷ್ಟು ಶಾಖ. ಗಾಳಿಯ ಎಳೆತ ಇದರಲ್ಲೊಂದು ಪಾಲನ್ನು ಹೊರುತ್ತದೆಯಾದರೂ, ಓಡುದಾರಿ ಗಿಡ್ಡವಾಗಿದ್ದರೆ ಬಹುಪಾಲು ಎರಡು ಚಿಕ್ಕ ಉಕ್ಕಿನ ಡಿಸ್ಕುಗಳ ಪಾಲಿಗೇ ಬರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ನೂರಕ್ಕೆ ಹತ್ತರಷ್ಟು ಹೆಚ್ಚು ವೇಗದಲ್ಲಿ ನೆಲವನ್ನು ಮುಟ್ಟಿದವನ ಬ್ರೇಕು ನೂರಕ್ಕೆ ಇಪ್ಪತ್ತೊಂದರಷ್ಟು ಹೆಚ್ಚು ಶಾಖವನ್ನು ನುಂಗಬೇಕು.

ಈ ಶಾಖ ಎಲ್ಲಿಗೆ ಹೋಗುತ್ತದೆ? ಸೆಸ್ನಾದ ಚಕ್ರಗಳನ್ನು ಹೊತ್ತ ಕಾಲು ಉಕ್ಕಿನದು. ಅದು ಬಿಸಿಯನ್ನು ಸಹಿಸುತ್ತದೆ. ಲಾಂಗ್-ಈಝಿಯ ಕಾಲು ಗಾಜಿನ ನಾರೂ ಎಪಾಕ್ಸಿಯೂ ಸೇರಿದ ಬಿಲ್ಲು. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಜಾತಿಯ ಎಪಾಕ್ಸಿ ನೀರು ಕುದಿಯುವ ಮಟ್ಟಕ್ಕೆ ಬಹಳ ಕೆಳಗೇ ಮೆದುವಾಗತೊಡಗುತ್ತದೆ. ಡಿಸ್ಕು ಆ ಕಾಲಿನ ತುದಿಗೆ ಕೆಲವೇ ಅಂಗುಲ ದೂರದಲ್ಲಿ ತಿರುಗುತ್ತದೆ. ಚಕ್ರವನ್ನು ಆವರಿಸಿದ ಕವಚ ಗಾಳಿಯ ಸಂಚಾರವನ್ನು ತಡೆದು ಬಿಸಿಯನ್ನು ಒಳಗೇ ಕೂಡಿಹಾಕುತ್ತದೆ. ಮೆದುವಾದ ಕಾಲು ಭಾರದಡಿ ಸ್ವಲ್ಪ ಸ್ವಲ್ಪವೇ ತಿರುಚಿಕೊಂಡರೆ ಆ್ಯಕ್ಸಲಿನ ಕೋನ ಕೆಡುತ್ತದೆ, ಟಯರು ಒಂದೇ ಅಂಚಿನಲ್ಲಿ ಸವೆಯುತ್ತದೆ, ವಿಮಾನ ಒಂದು ಬದಿಗೆ ಎಳೆಯುತ್ತದೆ. ಆ ಎಳೆತವನ್ನು ಸರಿಪಡಿಸಲು ಚಾಲಕ ಇನ್ನೊಂದು ಬದಿಯ ಬ್ರೇಕನ್ನು ಒತ್ತುತ್ತಾನೆ, ಆಗ ಅಲ್ಲಿಯೂ ಬಿಸಿ ಏರುತ್ತದೆ. ಕಾಲಿಗೂ ಬ್ರೇಕಿಗೂ ನಡುವೆ ಶಾಖವನ್ನು ತಡೆಯುವ ಹೊದಿಕೆಯೂ ಲೋಹದ ತಗಡೂ ಇರಬೇಕೆಂಬುದು ಇದರಿಂದಲೇ. ನಿಮ್ಮ ವಿಮಾನದಲ್ಲಿ ಅದು ಇದೆಯೇ, ಇದ್ದದ್ದು ಬಿರುಕುಬಿಟ್ಟಿದೆಯೇ, ಕಾಲಿನ ಬಣ್ಣ ಆ ಭಾಗದಲ್ಲಿ ಕಂದಿದೆಯೇ ಅಥವಾ ಗುಳ್ಳೆಯೆದ್ದಿದೆಯೇ ಎಂಬುದನ್ನು ಚಕ್ರ ಕಳಚಿದ ದಿನವೇ ನೋಡತಕ್ಕದ್ದು. ಬ್ರೇಕಿನ ಭಾಗಗಳನ್ನು ಬದಲಾಯಿಸಿ ಈ ಕಾಲನ್ನು ಪರೀಕ್ಷಿಸದೆ ಬಿಟ್ಟವನ ಕೆಲಸ ಅರ್ಧವೇ ಆಯಿತೆಂದು ತಿಳಿಯುತ್ತೇನೆ.

ಇನ್ನು ಕೆಲಸದ ಕ್ರಮಕ್ಕೆ ಬರೋಣ. ಚಾಲಕನಿಲ್ಲದ ಲಾಂಗ್-ಈಝಿಯ ಭಾರವೆಲ್ಲ ಹಿಂದಕ್ಕಿರುವುದರಿಂದ, ಮುಂದಿನ ಚಕ್ರವನ್ನು ಮಡಿಸಿ ಮೂಗನ್ನು ನೆಲಕ್ಕೆ ಊರಿಸಿ ನಿಲ್ಲಿಸುವುದು ವಾಡಿಕೆ. ಜ್ಯಾಕಿನಿಂದ ಎತ್ತುವ ಮುನ್ನ ಮೂಗಿನ ಭಾಗಕ್ಕೆ ಭದ್ರವಾದ ಭಾರವನ್ನು ಕಟ್ಟಿ, ಇನ್ನೊಂದು ಚಕ್ರಕ್ಕೆ ಎರಡೂ ಕಡೆ ಅಡ್ಡಕಟ್ಟೆಯಿಟ್ಟು, ವಿಮಾನ ಹಿಂದಕ್ಕೆ ವಾಲಿ ಪ್ರೊಪೆಲರಿನ ಮೇಲೆ ಕೂರದಂತೆ ನೋಡಿಕೊಳ್ಳಬೇಕು. ಡಿಸ್ಕನ್ನು ಬೇರ್ಪಡಿಸಬೇಕಾದರೆ ಚಕ್ರದ ಎರಡು ಹೋಳುಗಳನ್ನು ಕೂಡಿಸಿರುವ ಬೋಲ್ಟುಗಳನ್ನು ಕಳಚಬೇಕಾಗುತ್ತದೆ. ಅದಕ್ಕೆ ಮೊದಲು ಟಯರಿನ ಗಾಳಿಯನ್ನು ಸಂಪೂರ್ಣವಾಗಿ ಬಿಟ್ಟು, ವಾಲ್ವಿನ ಒಳಮೊಳೆಯನ್ನೂ ತೆಗೆದಿಡಬೇಕು. ಗಾಳಿ ತುಂಬಿದ ಚಕ್ರದ ಬೋಲ್ಟನ್ನು ಸಡಿಲಿಸಿದರೆ ಆ ಎರಡು ಹೋಳುಗಳು ಸಿಡಿದು ಪ್ರಾಣಕ್ಕೇ ಎರವಾಗುತ್ತವೆ. ಈ ಒಂದು ವಿಷಯದಲ್ಲಿ ಅವಸರಕ್ಕೆ ಎಡೆಗೊಡಬೇಡಿರೆಂದು ಕೈಮುಗಿದು ಬೇಡುತ್ತೇನೆ.

ಡಿಸ್ಕನ್ನು ಉಜ್ಜಿ ಹಿಡಿಯುವ ಹಳೆಯ ಲೈನಿಂಗುಗಳ ಧೂಳಿನ ವಿಷಯವನ್ನೂ ಹೇಳಬೇಕು. ಆ ಕಾಲದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಹಿಂದಿನವನು ಕೊಂಡಿಟ್ಟ ಹಳೆಯ ದಾಸ್ತಾನಿನಿಂದ ತೆಗೆದು ಹಾಕಿದ್ದರೆ ಈಗಲೂ ಇದ್ದೀತು. ಕಂಪ್ರೆಸರಿನ ಗಾಳಿಯಿಂದ ಆ ಧೂಳನ್ನು ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕಟ್ಟಿ ಬಿಸುಡಬೇಕು.

ಲೈನಿಂಗುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಹೊರಗೆ ಬಂದಮೇಲೆ ಲೈನಿಂಗಿನ ದಪ್ಪವನ್ನು ಅಳೆಯಿರಿ. ಕ್ಲೀವ್‌ಲೆಂಡ್ ಬ್ರೇಕುಗಳಿಗೆ ತಯಾರಕರು ವಿಧಿಸಿರುವ ಕನಿಷ್ಠ ದಪ್ಪ ಒಂದು ಅಂಗುಲದ ಹತ್ತನೆಯ ಒಂದು ಭಾಗ, ಅಂದರೆ ಸುಮಾರು 2.5 ಮಿಲಿಮೀಟರ್. ಅದಕ್ಕಿಂತ ತೆಳುವಾದರೆ ಎರಡು ಬಗೆಯ ಕೇಡು. ಮೊದಲನೆಯದು ಎಲ್ಲರಿಗೂ ತಿಳಿದದ್ದು: ಲೈನಿಂಗನ್ನು ತಗಡಿಗೆ ಹಿಡಿದಿರುವ ರಿವೆಟ್ಟುಗಳ ತಲೆ ಮೇಲೆದ್ದು ಡಿಸ್ಕನ್ನು ಗೀರುತ್ತದೆ. ಎರಡನೆಯದು ಹೆಚ್ಚು ಅಪಾಯಕರವಾದರೂ ಅಷ್ಟು ಪ್ರಸಿದ್ಧವಲ್ಲ. ಲೈನಿಂಗು ಸವೆದಷ್ಟೂ ಪಿಸ್ಟನ್ನು ತನ್ನ ಸಿಲಿಂಡರಿನಿಂದ ಹೊರಕ್ಕೆ ಸರಿಯುತ್ತ ಬರುತ್ತದೆ. ಡಿಸ್ಕೂ ಸವೆದು ತೆಳ್ಳಗಾಗಿದ್ದರೆ ಇನ್ನಷ್ಟು ಸರಿಯುತ್ತದೆ. ಕೊನೆಗೊಂದು ದಿನ ಅದು ಓರೆಯಾಗಿ, ಸುತ್ತಲಿನ ಓ-ರಿಂಗು ಸಿಲಿಂಡರಿನ ಅಂಚನ್ನು ದಾಟಿ, ಒಳಗಿನ ದ್ರವವೆಲ್ಲ ಒಮ್ಮೆಲೇ ಹೊರಕ್ಕೆ ಚಿಮ್ಮುತ್ತದೆ. ಹಿಂದಿನ ದಿನದವರೆಗೆ ಪೆಡಲಿನಲ್ಲಿ ಯಾವ ಸೂಚನೆಯೂ ದೊರೆತಿರುವುದಿಲ್ಲ. ಪೆಡಲನ್ನು ಒತ್ತಿದರೆ ವಿಮಾನ ನಿಲ್ಲುತ್ತದೆಯಲ್ಲ ಎಂಬ ಸಮಾಧಾನ ಎಷ್ಟು ಪೊಳ್ಳೆಂಬುದು ಇಲ್ಲಿಯೇ ತಿಳಿಯುತ್ತದೆ.

ಹೊಸ ಲೈನಿಂಗನ್ನು ಕೂರಿಸುವ ಕೆಲಸ ಕಠಿಣವಲ್ಲ, ಆದರೆ ಶುಚಿಯನ್ನು ಬಯಸುತ್ತದೆ. ಹಳೆಯ ರಿವೆಟ್ಟುಗಳನ್ನು ತಗಡಿನ ರಂಧ್ರ ಹಿಗ್ಗದಂತೆ ಕೊರೆದು ತೆಗೆದು, ತಗಡು ಬಾಗಿಲ್ಲವೆಂಬುದನ್ನು ಸಮತಲದ ಮೇಲಿಟ್ಟು ನೋಡಿ, ಹೊಸ ರಿವೆಟ್ಟುಗಳನ್ನು ಅದಕ್ಕೆಂದೇ ಮಾಡಿದ ಚಿಕ್ಕ ಸಾಧನದಿಂದ ಹದವಾಗಿ ಅರಳಿಸಬೇಕು. ಹೆಚ್ಚು ಬಡಿದರೆ ಲೈನಿಂಗು ಬಿರಿಯುತ್ತದೆ, ಕಡಿಮೆ ಬಡಿದರೆ ಅಲುಗಾಡುತ್ತದೆ. ಕೂರಿಸಿದ ಮೇಲೆ ಬೆರಳಿನಿಂದ ಅಲುಗಿಸಿ ನೋಡಿ. ಕೂದಲೆಳೆಯಷ್ಟು ಕದಲಿದರೂ ಬಿಚ್ಚಿ ಮತ್ತೆ ಮಾಡಿ. ಎರಡು ಚಕ್ರಗಳ ಲೈನಿಂಗುಗಳನ್ನೂ ಒಟ್ಟಿಗೇ ಬದಲಾಯಿಸಬೇಕು. ಒಂದು ಬದಿಗೆ ಹೊಸತು ಇನ್ನೊಂದಕ್ಕೆ ಹಳತು ಎಂದಾದರೆ, ಬ್ರೇಕಿನಿಂದಲೇ ದಿಕ್ಕನ್ನು ನಡೆಸುವ ಈ ವಿಮಾನದಲ್ಲಿ ಚಾಲಕನ ಎರಡು ಕಾಲುಗಳ ಒತ್ತಡಕ್ಕೂ ಎರಡು ಬಗೆಯ ಉತ್ತರ ಬರುತ್ತದೆ.

ಡಿಸ್ಕನ್ನು ಮೈಕ್ರೋಮೀಟರಿನಿಂದ ಹಲವು ಕಡೆ ಅಳೆದು, ತಯಾರಕರು ಆ ಮಾದರಿಗೆ ಹೇಳಿರುವ ಕನಿಷ್ಠ ದಪ್ಪದೊಡನೆ ಹೋಲಿಸಬೇಕು. ಕಾದು ಕಾದು ಬೋಗುಣಿಯಂತೆ ಬಾಗಿದ ಡಿಸ್ಕುಗಳೂ ಉಂಟು. ನೇರವಾದ ಅಳತೆಪಟ್ಟಿಯನ್ನು ಅಡ್ಡವಾಗಿಟ್ಟರೆ ಬಾಗು ಕಾಣುತ್ತದೆ. ತೇವದ ಹ್ಯಾಂಗರಿನಲ್ಲಿ ಬಹುಕಾಲ ನಿಂತ ವಿಮಾನದ ಡಿಸ್ಕಿನ ಮೇಲೆ ತೆಳುವಾದ ತುಕ್ಕು ಕಟ್ಟಿದ್ದರೆ ಕೆಲವು ಸಲ ಬ್ರೇಕು ಹಿಡಿದಾಗ ಅದು ತಾನಾಗಿ ಉಜ್ಜಿಹೋಗುತ್ತದೆ. ಕುಳಿಬಿದ್ದ ತುಕ್ಕು ಮಾತ್ರ ಹೊಸ ಲೈನಿಂಗನ್ನು ಅರದಂತೆ ತಿಂದುಹಾಕುವುದರಿಂದ ಅಂಥ ಡಿಸ್ಕನ್ನು ತೆಗೆದುಹಾಕುವುದೇ ಮೇಲು. ಕ್ಯಾಲಿಪರ್ ಆತುಕೊಂಡು ಜಾರುವ ಎರಡು ಪಿನ್ನುಗಳೂ ಅಷ್ಟೇ ಮುಖ್ಯ. ಒಂದೇ ಪಿಸ್ಟನ್ನುಳ್ಳ ಈ ಬಗೆಯ ಬ್ರೇಕಿನಲ್ಲಿ ಕ್ಯಾಲಿಪರ್ ಸಲೀಸಾಗಿ ಜಾರಿದರೆ ಮಾತ್ರ ಡಿಸ್ಕಿನ ಎರಡು ಪಕ್ಕಗಳೂ ಸಮನಾಗಿ ಹಿಡಿಯಲ್ಪಡುತ್ತವೆ. ಪಿನ್ನಿಗೆ ತುಕ್ಕು ಹಿಡಿದರೆ ಬ್ರೇಕು ಬಿಟ್ಟಮೇಲೂ ಬಿಡದೆ ಉಜ್ಜುತ್ತ, ಚಾಲಕನಿಗೆ ಅರಿವಾಗದಂತೆ ಬಿಸಿಯನ್ನು ಬೆಳೆಸುತ್ತದೆ. ಒಳಗಿನ ಲೈನಿಂಗು ಒಂದು ದಪ್ಪ ಹೊರಗಿನದು ಇನ್ನೊಂದು ದಪ್ಪ ಸವೆದಿದ್ದರೆ ಮೊದಲು ಈ ಪಿನ್ನುಗಳನ್ನೇ ಶಂಕಿಸಿ, ನುಣುಪು ಮಾಡಿ, ಧೂಳನ್ನು ಹಿಡಿಯದ ಒಣ ಲೇಪನವನ್ನು ಬಳಿಯಿರಿ.

ಈಗ ದ್ರವದ ವಿಷಯ. ಹಳೆಯ ಗೃಹನಿರ್ಮಿತ ವಿಮಾನಗಳಲ್ಲಿ ನನ್ನನ್ನು ಅತ್ಯಂತ ಕಳವಳಕ್ಕೀಡುಮಾಡುವುದು ಇದೇ. ವಿಮಾನದ ಬ್ರೇಕುಗಳಿಗೆ ಸಾಮಾನ್ಯವಾಗಿ ಹಾಕುವುದು ಮಿಲ್-ಎಚ್-5606 ಎಂಬ ಕೆಂಪು ಬಣ್ಣದ ಖನಿಜ ತೈಲ. ಅದರೊಡನೆ ಹೊಂದುವ ಓ-ರಿಂಗುಗಳು ನೈಟ್ರೈಲ್ ರಬ್ಬರಿನವು. ಕಾರಿನ ಬ್ರೇಕಿಗೆ ಹಾಕುವುದು ಗ್ಲೈಕಾಲ್ ಮೂಲದ ಬೇರೊಂದು ದ್ರವ. ಕಾರಿನ ಸೀಲುಗಳ ರಬ್ಬರೂ ಬೇರೆ. ಇವೆರಡರ ಸ್ವಭಾವ ಪರಸ್ಪರ ವಿರುದ್ಧ: ಕಾರಿನ ದ್ರವ ನೈಟ್ರೈಲ್ ಓ-ರಿಂಗುಗಳನ್ನು ಕೆಡಿಸುತ್ತದೆ, ವಿಮಾನದ ಎಣ್ಣೆ ಕಾರಿನ ಸೀಲುಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಕಟ್ಟಿದಾತ ಮಿತವ್ಯಯಕ್ಕಾಗಿ ಕಾರಿನ ಮಾಸ್ಟರ್ ಸಿಲಿಂಡರನ್ನು ಜೋಡಿಸಿದ್ದರೆ? ನಡುವೆ ಯಾರೋ ಡಬ್ಬಿಯ ಹೆಸರನ್ನು ಓದದೆ ಸುರಿದಿದ್ದರೆ? ಬಣ್ಣವನ್ನು ಮಾತ್ರ ನಂಬಲಾಗದು, ಹಳೆಯದಾದ ದ್ರವಗಳೆಲ್ಲ ಕಂದು ಬಣ್ಣಕ್ಕೆ ತಿರುಗುತ್ತವೆ. ಆದ್ದರಿಂದ ಕ್ಯಾಲಿಪರಿನಿಂದ ಒಂದೆರಡು ಹನಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ: ಗ್ಲೈಕಾಲ್ ದ್ರವವಾದರೆ ನೀರಿನಲ್ಲಿ ಬೆರೆತುಹೋಗುತ್ತದೆ, ಖನಿಜ ತೈಲವಾದರೆ ಮೇಲೆ ತೇಲುತ್ತದೆ. ಬೆರೆತಿತೆಂದರೆ ಮುಂದಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮಾಸ್ಟರ್ ಸಿಲಿಂಡರ್ ಮೊದಲ್ಗೊಂಡು ಕ್ಯಾಲಿಪರಿನವರೆಗೆ ಪ್ರತಿಯೊಂದು ಸೀಲೂ ಯಾವ ರಬ್ಬರಿನದೆಂದು ತಿಳಿದುಕೊಳ್ಳುವವರೆಗೆ ಹೊಸ ದ್ರವದ ಡಬ್ಬಿಯನ್ನು ತೆರೆಯಬೇಡಿ.

ಕೆಂಪೆಣ್ಣೆಗೆ ಬೆಂಕಿ ಹತ್ತುತ್ತದೆಂಬುದನ್ನೂ ಮರೆಯಬಾರದು. ಸೋರುವ ಓ-ರಿಂಗಿನಿಂದ ಕಾದ ಡಿಸ್ಕಿನ ಮೇಲೆ ಹನಿದು ಹೊತ್ತಿಕೊಂಡರೆ, ಪಕ್ಕದಲ್ಲಿಯೇ ಎಪಾಕ್ಸಿಯ ಕಾಲು, ಅದರ ಮೇಲೆ ಇಂಧನ ತುಂಬಿದ ರೆಕ್ಕೆಯ ಬುಡ. ಇದಕ್ಕೆ ಪ್ರತಿಯಾಗಿ ಮಿಲ್-ಪಿಆರ್‌ಎಫ್-83282 ಎಂಬ ಸಂಶ್ಲೇಷಿತ ತೈಲವೊಂದುಂಟು. ಅದರ ಆವಿ ಕಿಡಿ ಸೋಕಿ ಹೊತ್ತಿಕೊಳ್ಳಲು 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ಬೇಕು, ಕೆಂಪೆಣ್ಣೆಗಾದರೋ ಅದರ ಅರ್ಧಕ್ಕಿಂತಲೂ ಕಡಿಮೆ ಸಾಕು. ಅದೂ ನೈಟ್ರೈಲ್ ರಬ್ಬರಿಗೆ ಒಗ್ಗುವುದರಿಂದ ಓ-ರಿಂಗುಗಳನ್ನು ಹೇಗೂ ಬದಲಾಯಿಸುವ ಈ ಸಂದರ್ಭದಲ್ಲಿ ಅದನ್ನೇ ತುಂಬುವುದನ್ನು ನಾನು ಇಷ್ಟಪಡುತ್ತೇನೆ. ಬಹಳ ಚಳಿಯ ಪ್ರದೇಶದಲ್ಲಿರುವವರು ಮಾತ್ರ ಅದು ಶೀತದಲ್ಲಿ ಕೆಂಪೆಣ್ಣೆಗಿಂತ ಹೆಚ್ಚು ಗಟ್ಟಿಯಾಗುತ್ತದೆಂಬುದನ್ನು ಗಮನಿಸಬೇಕು.

ನಾಳಗಳು ನೈಲಾನಿನವಾಗಿದ್ದರೆ, ಅದರಲ್ಲಿಯೂ ಕ್ಯಾಲಿಪರಿನ ಬಳಿಯ ಕೊನೆಯ ಗೇಣು ನೈಲಾನಿನದೇ ಆಗಿದ್ದರೆ, ಅದನ್ನು ತೆಗೆದುಹಾಕಿ. ಬಿಸಿಗೆ ಮೆದುವಾದ ನೈಲಾನು ಒತ್ತಡವನ್ನು ತಾಳಲಾರದು. ವರ್ಷಗಳ ಬಿಸಿಲನ್ನೂ ಬಿಸಿಯನ್ನೂ ಉಂಡು ಹಳದಿಯಾದದ್ದು ಬಾಗಿಸಿದರೆ ಮುರಿಯುತ್ತದೆ. ಉಕ್ಕಿನ ಜಾಲಿಯ ಹೊದಿಕೆಯುಳ್ಳ ಹೋಸನ್ನು ಆ ಭಾಗಕ್ಕೆ ಹಾಕಿಸಿದರೆ ಖರ್ಚು ಹೆಚ್ಚಲ್ಲ.

ನಾಳಗಳೊಳಗಿನ ಗಾಳಿಯನ್ನು ತೆಗೆಯುವಾಗ ದ್ರವವನ್ನು ಕೆಳಗಿನಿಂದ ಮೇಲಕ್ಕೆ, ಎಂದರೆ ಕ್ಯಾಲಿಪರಿನ ಬ್ಲೀಡರಿನಿಂದ ಮಾಸ್ಟರ್ ಸಿಲಿಂಡರಿನತ್ತ ತಳ್ಳಬೇಕು; ಗುಳ್ಳೆಗಳು ಸಹಜವಾಗಿ ಏರುವ ದಿಕ್ಕು ಅದೇ. ಮೂಗನ್ನು ಊರಿಸಿ ನಿಲ್ಲಿಸಿದ ವಿಮಾನದಲ್ಲಿ ನಾಳಗಳ ಏರುತಗ್ಗುಗಳು ಬದಲಾಗಿರುವುದರಿಂದ, ಎತ್ತರಕ್ಕೆ ಬಂದ ತಿರುವುಗಳಲ್ಲಿ ಗುಳ್ಳೆ ಅಡಗಿ ಕೂರಬಹುದು. ವಿಮಾನವನ್ನು ಸಮತಟ್ಟಾಗಿ ನಿಲ್ಲಿಸಿ ಈ ಕೆಲಸವನ್ನು ಮಾಡುವುದು ಯುಕ್ತ. ಪೆಡಲು ಒಂದೇ ಒತ್ತಿಗೆ ಕಲ್ಲಿನಂತೆ ನಿಂತರೆ ಗಾಳಿ ಹೋಯಿತೆಂದು ಅರ್ಥ. ಎರಡನೆಯ ಮೂರನೆಯ ಒತ್ತಿಗೆ ಗಟ್ಟಿಯಾಗುವ ಪೆಡಲನ್ನು ಒಪ್ಪಿಕೊಳ್ಳಕೂಡದು. ಬಳಿಕ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಕ್ಯಾಲಿಪರಿನ ಕೆಳಗೆ ಹರಡಿದ ಬಿಳಿಯ ಕಾಗದವನ್ನು ನೋಡಿ; ತಣ್ಣಗಿರುವಾಗ ಜಿನುಗಿ ಬಿಸಿಯಾದಾಗ ನಿಲ್ಲುವ ಸೋರಿಕೆಗಳು ಹೀಗೆಯೇ ಸಿಕ್ಕುವುದು.

ಹೊಸ ಲೈನಿಂಗುಗಳಿಗೆ ಸಂಸ್ಕಾರವೂ ಆಗಬೇಕು. ಸಾವಯವ ಜಾತಿಯ ಲೈನಿಂಗಾದರೆ, ಕ್ಲೀವ್‌ಲೆಂಡಿನವರು ಹೇಳುವ ವಿಧಾನದಂತೆ, ಎಂಜಿನ್ನನ್ನು ನಿಮಿಷಕ್ಕೆ ಸುಮಾರು 1700 ಸುತ್ತಿನಲ್ಲಿಟ್ಟು, ಬ್ರೇಕನ್ನು ಹದವಾಗಿ ಒತ್ತಿ ವೇಗವನ್ನು ಗಂಟೆಗೆ 5ರಿಂದ 10 ಮೈಲಿಯೊಳಗೆ ಹಿಡಿದು, 1500 ಅಡಿ ದೂರ ನಡೆಸಿ, ಆಮೇಲೆ 10ರಿಂದ 15 ನಿಮಿಷ ಆರಲು ಬಿಡಬೇಕು. ಲೋಹಮಿಶ್ರಿತ ಜಾತಿಯದಾದರೆ 30ರಿಂದ 35 ನಾಟ್ ವೇಗದಿಂದ ಎರಡು ಸಲ ಬೆನ್ನುಬೆನ್ನಿಗೆ ಪೂರ್ತಿ ನಿಲ್ಲಿಸಬೇಕು. ಯಾವ ಜಾತಿಯದೆಂದು ಕೊಳ್ಳುವಾಗಲೇ ಕೇಳಿ ತಿಳಿಯಿರಿ, ಒಂದರ ವಿಧಿ ಇನ್ನೊಂದಕ್ಕೆ ಸಲ್ಲದು. ಲಾಂಗ್-ಈಝಿಯಲ್ಲಿ ಈ ಸಂಸ್ಕಾರವನ್ನು ಮಾಡುವಾಗ ಚಕ್ರದ ಕವಚಗಳನ್ನು ತೆಗೆದಿಟ್ಟು, ಆರಲು ಬಿಟ್ಟ ಹೊತ್ತಿನಲ್ಲಿ ಕಾಲಿನ ತುದಿಯನ್ನು ಅಂಗೈಯಿಂದ ಮುಟ್ಟಿ ಬಿಸಿ ಎಷ್ಟು ಹಬ್ಬಿದೆಯೆಂದು ತಿಳಿಯುವ ಅಭ್ಯಾಸ ನನ್ನದು, ಡಿಸ್ಕನ್ನಂತೂ ಮುಟ್ಟಬಾರದು.

ನಿಮ್ಮಲ್ಲಿ ಹಲವರಿಗೆ ದೊಡ್ಡ ಬ್ರೇಕುಗಳ ಮೇಲೆ ಮೋಹವಿದೆ. ಭಾರವಾದ ಎಂಜಿನ್ನನ್ನು ಕೂರಿಸಿದ ವಿಮಾನಕ್ಕೆ ಅವು ಅವಶ್ಯಕವೆಂಬುದನ್ನು ಒಪ್ಪುತ್ತೇನೆ. ದಪ್ಪನೆಯ ಡಿಸ್ಕು ಅದೇ ಶಾಖಕ್ಕೆ ಕಡಿಮೆ ಬಿಸಿಯಾಗುತ್ತದೆಂಬುದೂ ದಿಟ. ಆದರೆ ದೊಡ್ಡ ಬ್ರೇಕು ಹಾಕಿದವನು ಅದರ ಭರವಸೆಯಿಂದ ವೇಗವಾಗಿ ಇಳಿಯಲು ಕಲಿತರೆ, ಕಾಲಿಗೆ ಸೇರುವ ಒಟ್ಟು ಶಾಖ ಹೆಚ್ಚೇ ಆಗುತ್ತದೆ. ಮೊದಲು ಇರುವ ಬ್ರೇಕನ್ನು ಅದರ ಪೂರ್ಣ ಸಾಮರ್ಥ್ಯಕ್ಕೆ ತಂದು, ಇಳಿಯುವ ವೇಗವನ್ನು ಹತೋಟಿಗೆ ತಂದು, ಶಾಖತಡೆಯನ್ನು ಸರಿಮಾಡಿ ಒಂದು ಋತು ಹಾರಿ ನೋಡಿ. ಆಗಲೂ ಸಾಲದೆಂದು ತೋರಿದರೆ ದೊಡ್ಡದರ ವಿಚಾರವನ್ನು ಮಾಡೋಣ.

ಕೊನೆಗೆ ಒಂದು ಕೋರಿಕೆ. ಈ ಕೆಲಸವೆಲ್ಲ ಮುಗಿದ ದಿನ ಲಾಗ್ ಪುಸ್ತಕದಲ್ಲಿ ಲೈನಿಂಗು ಬದಲಾಯಿತೆಂಬ ಒಂದು ಸಾಲನ್ನು ಬರೆದು ಮುಚ್ಚಬೇಡಿ. ಚಕ್ರ ಯಾರ ತಯಾರಿಕೆಯದು, ಕ್ಯಾಲಿಪರಿನ ಮಾದರಿ ಯಾವುದು, ಮಾಸ್ಟರ್ ಸಿಲಿಂಡರ್ ಎಲ್ಲಿದೆ ಮತ್ತು ಯಾರದು, ಓ-ರಿಂಗುಗಳ ರಬ್ಬರು ಯಾವುದು, ತುಂಬಿದ ದ್ರವದ ಹೆಸರೇನು, ಎಡ ಬಲ ಡಿಸ್ಕುಗಳ ದಪ್ಪ ಎಷ್ಟು, ನಾಳ ಯಾವ ದಾರಿಯಲ್ಲಿ ಹಾದಿದೆ, ಶಾಖತಡೆ ಯಾವ ಸ್ಥಿತಿಯಲ್ಲಿದೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬಿಡಿಸಿ ಬರೆದು, ಚಿತ್ರವನ್ನೂ ಎಳೆದು ಪುಸ್ತಕಕ್ಕೆ ಅಂಟಿಸಿ. ದ್ರವದ ಹೆಸರನ್ನು ರಿಸರ್ವಾಯರಿನ ಮುಚ್ಚಳದ ಮೇಲೆಯೇ ಅಳಿಸದ ಶಾಯಿಯಿಂದ ಬರೆಯಿರಿ. ಬರುವ ತಪಾಸಣೆಗೆ ವಿಮಾನವನ್ನು ನನ್ನ ಬಳಿಗೆ ತರುವವರು ಆ ಹಾಳೆಯ ಪ್ರತಿಯೊಂದನ್ನು ಮುಂಚಿತವಾಗಿ ಕಳುಹಿಸಿಕೊಟ್ಟರೆ, ಬೇಕಾದ ಓ-ರಿಂಗುಗಳನ್ನೂ ರಿವೆಟ್ಟುಗಳನ್ನೂ ತರಿಸಿಟ್ಟಿರುತ್ತೇನೆ.

ಇತಿ,
ನಿಮ್ಮ ಹಿತೈಷಿಯಾದ
ಒಬ್ಬ ವಿಮಾನ ಮೆಕ್ಯಾನಿಕ್